ಪಂಡಿತ ಮಾಸ್ಟ್ರು ಮತ್ತು ಭಟ್ಟಿಯಲ್ಲಿ ಸುಟ್ಟ ಪಿಗ್ಮಿ

ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಯಾವ ಪಾಠಗಳಿದ್ದವು ಎಂದು ಕೇಳಿದರೆ ನನಗೆ ಎರಡು ಹೆಸರೂ ಬರುವುದಿಲ್ಲ. ಪದ್ಯಗಳ ಅರ್ಧಂಬರ್ಧ ಸಾಲು ಬಾಯಿಗೆ ಬರುತ್ತವೆ, ಅಷ್ಟೆ. ಆದರೆ ಪಂಡಿತ ಮಾಸ್ಟ್ರು ಆ ಪುಸ್ತಕ ಮುಚ್ಚಿಸಿ ಕಲಿಸಿದ್ದು ಚೆನ್ನಾಗಿ ನೆನಪಿದೆ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಮ್ಮ 1979ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೊದಲು ಎಲ್ಲರೂ ಕೈಮುಗಿದರು. ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ಪಿಗ್ಮಿ ಕಥೆ ತೆಗೆದರು. ಪಿಗ್ಮಿ ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಬ್ಯಾಂಕಿನ ಠೇವಣಿ. ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಹೇಳುವುದಿಲ್ಲ. ಸರಿಯಾದದ್ದನ್ನು ಯಾರಾದರೂ ಬರೆದಿಡಬೇಕಲ್ಲ ಎಂದು ನಾನೇ ಬರೆಯುತ್ತಿದ್ದೇನೆ.

ಮಾಸ್ಟ್ರು ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬರುತ್ತಿದ್ದರು. ಬೇಸಿಗೆಯಲ್ಲೂ ಕೊಡೆ ಇರುತ್ತಿತ್ತು. ಶನಿವಾರ ರಾತ್ರಿ ಎಲ್ಲಾದರೂ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ, ಇದ್ದರೆ ಅರ್ಥ ಹೇಳಲು ಹೋಗುವವರು. ಸೋಮವಾರ ಗಂಟಲು ಕಟ್ಟಿರುತ್ತಿತ್ತು. ಕ್ಲಾಸಿನಲ್ಲಿ ಅವರ ಅರ್ಧ ಕಲಿಸುವಿಕೆ ಬಂದದ್ದು ಅಲ್ಲಿಂದಲೇ ಎಂದು ನನಗೆ ಈಗ ಅನಿಸುತ್ತದೆ. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾನೆ. ಅವನು ಹೇಳಿದ್ದು ಎಂತ, ಯಾವ ದಾರಿಯಲ್ಲಿ ಅಲ್ಲಿಗೆ ಬಂದ ಎಂದು ಕೂತಲ್ಲೇ ಹಿಡಿಯದಿದ್ದರೆ ಉತ್ತರ ಕೊಡಲು ಆಗುವುದಿಲ್ಲ. "ಕೌರವ ಇಷ್ಟೆಲ್ಲ ಮಾತಾಡಿದ. ಸಂಧಿಗೆ ಒಪ್ಪುತ್ತಾನಾ, ಇಲ್ಲವಾ? ಮೊದಲು ಅದನ್ನು ಹೇಳು" ಎನ್ನುತ್ತಿದ್ದರು.

ಆಗ ಪರೀಕ್ಷೆಯಲ್ಲಿ ನೋಡದ ಒಂದು ಗದ್ಯಭಾಗ ಕೊಡುತ್ತಿದ್ದರು. ಓದಿ ಪ್ರಶ್ನೆಗಳಿಗೆ ಉತ್ತರಿಸಿ, ತಕ್ಕ ತಲೆಬರಹ ಕೊಡಿ, ಮೂರನೇ ಒಂದರಷ್ಟಕ್ಕೆ ಇಳಿಸಿ ಬರೆಯಿರಿ. ನಾವು ಮಾಡುತ್ತಿದ್ದದ್ದು ಸುಲಭ. ಮೊದಲ ವಾಕ್ಯ, ನಡುವಿನ ಒಂದು ವಾಕ್ಯ, ಕೊನೆಯ ವಾಕ್ಯ ಕಾಪಿ ಹೊಡೆದರೆ ಆಯಿತು. ಮಾಸ್ಟ್ರು ಇದನ್ನು ಮೊದಲ ಟೆಸ್ಟಿನಲ್ಲೇ ಹಿಡಿದರು. ಮರುದಿನ ಬರುವಾಗ 'ಉದಯವಾಣಿ'ಯ ಹಳೆ ಪುಟಗಳನ್ನು ಕತ್ತರಿಸಿ ತಂದಿದ್ದರು. ಊರಿನದೇ ಸಂಗತಿಗಳು. ಮಂಗಳೂರು ಹೆಂಚು, ಮಟ್ಟು ಗುಳ್ಳ ಎಂಬ ಬದನೆ, ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು, ಹೀಗೆ. ಕಟಿಂಗ್ ಸಿಗದಿದ್ದರೆ ತಾವೇ ಏಳೆಂಟು ವಾಕ್ಯ ಬರೆದು ತರುತ್ತಿದ್ದರು.

"ಇದು ಯಾವುದರ ಬಗ್ಗೆ?" ಎಂದು ಕೇಳಿದರು.

"ಹೆಂಚಿನ ಬಗ್ಗೆ ಸರ್."

"ಅದು ಎಮ್ಮೆಗೂ ಗೊತ್ತು. ಹೆಂಚಿನ ಬಗ್ಗೆ ಎಂತ ಹೇಳ್ತಾನೆ?"

ಇಲ್ಲಿ ನಾವೆಲ್ಲ ಸಿಕ್ಕಿಬಿದ್ದೆವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು ಎಂದು ಒಬ್ಬ ಹೇಳಿದ. ನೇತ್ರಾವತಿ ದಡದ ಜೇಡಿಮಣ್ಣು ಎಂದು ಇನ್ನೊಬ್ಬ. ಎಲ್ಲ ಅದರಲ್ಲಿ ಇದ್ದದ್ದೇ. ಮಾಸ್ಟ್ರು ತಲೆ ಅಲ್ಲಾಡಿಸಿ, "ಈ ವಾಕ್ಯ ತೆಗೆದು ಹಾಕಿದರೆ ಉಳಿದದ್ದು ನಿಲ್ಲುತ್ತದಾ?" ಎಂದು ಒಂದೊಂದನ್ನೇ ಕೈಯಿಂದ ಮುಚ್ಚಿ ತೋರಿಸಿದರು. ವರ್ಷದ ಸಂಖ್ಯೆ ಮುಚ್ಚಿದರೂ ನಿಂತಿತು. ಜೆಪ್ಪು ಮುಚ್ಚಿದರೂ ನಿಂತಿತು. ಹುಲ್ಲಿನ ಮಾಡಿಗೆ, ಅಂದರೆ ಛಾವಣಿಗೆ, ಬೆಂಕಿ ಬೀಳುವ ಹೆದರಿಕೆ, ವರ್ಷ ವರ್ಷ ಹೊದಿಸುವ ಕಷ್ಟ, ಹೆಂಚು ಬಂದು ಅವೆರಡೂ ತಪ್ಪಿದ್ದು, ಇದನ್ನು ಮುಚ್ಚಿದರೆ ಮಾತ್ರ ಏನೂ ಉಳಿಯಲಿಲ್ಲ. ಬೋರ್ಡಿನ ಮೇಲೆ ಒಂದು ಗುಂಡಿ ಬರೆದು, ಅದರ ಮೇಲೆ ಒಂದು ಸಂಕ, ಅಂದರೆ ಕಾಲುಸೇತುವೆ, ಬರೆದರು. ತೊಂದರೆ, ದಾಟುವ ದಾರಿ. ಈ ಗದ್ಯ ಕಟ್ಟಿದ್ದು ಹೀಗೆ, ಎಂದರು.

ಆಮೇಲೆ ಬೋರ್ಡಿಗೆ ಬೇರೆ ಬೇರೆ ಚಿತ್ರ ಬಂದವು. ಹೋಲಿಕೆಗೆ ತಕ್ಕಡಿ. ಕ್ರಮವಾಗಿ ನಡೆಯುವುದಕ್ಕೆ ಮೆಟ್ಟಿಲು. ಉಡುಪಿಯ ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಮೊದಲಿನ ನಾಲ್ಕು ಮುಹೂರ್ತಗಳು, ಅಂದರೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ, ಮೆಟ್ಟಿಲಿಗೆ ಅವರ ಖಾಯಂ ಉದಾಹರಣೆ. ಕಾರಣ, ಪರಿಣಾಮಕ್ಕೆ ಬಾಣ. ಸುಮ್ನೆ ವರ್ಣನೆ ಮಾಡುವ ಗದ್ಯಕ್ಕೆ ನಡುವೆ ಒಂದು ಚುಕ್ಕೆ, ಸುತ್ತ ಗೆರೆಗಳು. ನಮಗೆ ಇದು ಖುಷಿ. ಓದುವುದಕ್ಕಿಂತ ಚಿತ್ರ ಬಿಡಿಸುವುದು ಸುಲಭ ಅಲ್ವಾ? 'ಮೊದಲು', 'ಆಮೇಲೆ' ಕಂಡರೆ ಮೆಟ್ಟಿಲು, 'ಆದ್ದರಿಂದ' ಕಂಡರೆ ಬಾಣ ಎಂದು ನಾವು ಓದದೆಯೇ ಬರೆಯತೊಡಗಿದೆವು.

ಅದಕ್ಕೂ ಮಾಸ್ಟ್ರು ಮದ್ದು ತಂದರು. ಪರ್ಯಾಯದ ಮೇಲೆಯೇ ಇನ್ನೊಂದು ಗದ್ಯ. ಮೊದಲು ಅಷ್ಟಮಠದ ಸ್ವಾಮಿಗಳು ಎರಡೆರಡು ತಿಂಗಳು ಸರದಿಯಲ್ಲಿ ಪೂಜೆ ಮಾಡುತ್ತಿದ್ದರು. ಆಮೇಲೆ 16ನೇ ಶತಮಾನದಲ್ಲಿ ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸಿದರು. ಮೊದಲು ಒಂದು ಮಠಕ್ಕೆ ಸರದಿ 16 ತಿಂಗಳಿಗೆ ಬರುತ್ತಿತ್ತು, ಆಮೇಲೆ 16 ವರ್ಷಕ್ಕೆ. ದೂರದ ಯಾತ್ರೆಗೆ ಮೊದಲು ಬಿಡುವು ಇರಲಿಲ್ಲ, ಆಮೇಲೆ ಬೇಕಾದಷ್ಟು. ಇಡೀ ಕ್ಲಾಸು ಮೆಟ್ಟಿಲು ಬರೆಯಿತು. ಮಾಸ್ಟ್ರಿಗೆ ಬಹಳ ಸಂತೋಷವಾಯಿತು, ಮೀನು ಗಾಳಕ್ಕೆ ಬಿದ್ದ ಹಾಗೆ. "ಎಷ್ಟು ಮೆಟ್ಟಿಲು ಹತ್ತಿದಿರಿ ಮಾರಾಯ್ರೆ? ಎರಡು ವ್ಯವಸ್ಥೆ ಪಕ್ಕಪಕ್ಕ ಇಟ್ಟು ತೂಗುತ್ತಾ ಇದ್ದಾನೆ, ಕಾಣುವುದಿಲ್ಲವಾ?" ಎಂದರು. ತಕ್ಕಡಿ ಬರೆದವಳು ಒಬ್ಬಳೇ. ಅವಳ ಮನೆ ಆ ಮಠಗಳಿರುವ ರಥಬೀದಿಯ ಹತ್ತಿರ, ಆದ್ದರಿಂದ ಅದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ನಮ್ಮಲ್ಲಿ ಹೆಚ್ಚಿನವರ ಮನೆಮಾತು ತುಳು. ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಕನ್ನಡ ಶಾಲೆಗೆ ಮಾತ್ರ. ಮಾಸ್ಟ್ರು ಇದನ್ನು ಯಾವತ್ತೂ ಕೊರತೆ ಎಂದು ಹೇಳಲಿಲ್ಲ. "ಮನೆಗೆ ಹೋಗಿ ಅಮ್ಮನಿಗೆ ತುಳುವಿನಲ್ಲಿ ಒಂದೇ ವಾಕ್ಯದಲ್ಲಿ ಹೇಳು. ಅಮ್ಮ ಎಂತ ಕೇಳ್ತಾರೆ ನಾಳೆ ಬಂದು ಹೇಳು" ಎನ್ನುತ್ತಿದ್ದರು. ನನ್ನ ಅಮ್ಮ ಬೀಡಿ ಕಟ್ಟುತ್ತಾ ಕೇಳುತ್ತಿದ್ದಳು. ಕಡುಬು ಬೇಯಿಸುವ ಎಲೆಯ ಮೂಡೆಯ ಹಾಗೆ ಅಚ್ಚುಕಟ್ಟಾಗಿ ಎಲೆ ಸುತ್ತುವ ಕೈ ನಿಲ್ಲುತ್ತಿರಲಿಲ್ಲ. 1843ರಲ್ಲಿ ಮೋಗ್ಲಿಂಗ್ ಎಂಬ ಪಾದ್ರಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ ಅದು ಎಂದು ನಾನು ಹೇಳಿದೆ. "ಅಯಿಕ್ ದಾನೆ?" ಎಂದಳು. ಅದಕ್ಕೇನೀಗ, ಅಷ್ಟೆ. ನಾನು ಮತ್ತೆ ಗದ್ಯ ತೆಗೆದು ಓದಬೇಕಾಯಿತು. ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಹೊರಡುತ್ತಿದ್ದ ಆ ಹಾಳೆಯಿಂದ ಪೇಟೆಯ ಜನಕ್ಕೆ ದೂರದ ಸುದ್ದಿ ತಮ್ಮ ಭಾಷೆಯಲ್ಲೇ ಓದಲು ಸಿಕ್ಕಿತು ಎಂದು ಎರಡನೇ ಸಲ ಹೇಳಿದಾಗ ಅಮ್ಮ "ಹಾಗಾ" ಎಂದು ಎಲೆ ಕತ್ತರಿಸಿದಳು. ಮಾಸ್ಟ್ರಿಗೆ ಇದನ್ನು ಹೇಳಿದೆ. ಅಂದಿನಿಂದ ಕ್ಲಾಸಿನಲ್ಲಿ ಯಾರು ಉದ್ದಕ್ಕೆ ಉತ್ತರ ಕೊಟ್ಟರೂ ಅವರು "ಅಯಿಕ್ ದಾನೆ?" ಎನ್ನಲು ಶುರು ಮಾಡಿದರು. ಅದು ನಮ್ಮ ಅಮ್ಮನ ಮಾತು ಎಂದು ಇವತ್ತಿಗೂ ಹೆಚ್ಚಿನವರಿಗೆ ಗೊತ್ತಿಲ್ಲ.

ಹೆಡ್‌ಮಾಸ್ಟ್ರ ಬಗ್ಗೆಯೂ ಒಂದು ಮಾತು. ಅವರ ನೋಟೀಸುಗಳು ಶಾಲೆಯಲ್ಲಿ ಪ್ರಸಿದ್ಧ. ವಿದ್ಯಾರ್ಥಿ ಜೀವನದ ಮಹತ್ವದಿಂದ ಹೊರಟು, ಶಿಸ್ತನ್ನು ದಾಟಿ, ಪ್ರಕೃತಿಯ ಮುನಿಸಿಗೆ ಬಂದು, ಕೊನೆಗೆ ಭಾರೀ ಮಳೆಯ ಕಾರಣ ನಾಳೆ ರಜೆ ಎಂದು ಮುಗಿಯುತ್ತಿದ್ದವು. ಪ್ಯೂನ್ ಓದಲು ನಿಂತರೆ ನಾವು ಕೊನೆಯ ವಾಕ್ಯಕ್ಕಾಗಿ ಉಸಿರು ಹಿಡಿಯುತ್ತಿದ್ದೆವು. ಮುಖ್ಯ ವಿಷಯ ಕೊನೆಯಲ್ಲೂ ಇರಬಹುದು ಎಂಬುದಕ್ಕೆ ಪಂಡಿತ ಮಾಸ್ಟ್ರು ಬೇರೆ ಉದಾಹರಣೆ ಕೊಡಲೇ ಇಲ್ಲ.

ಇನ್ನು ಪಿಗ್ಮಿ. ಮಾಸ್ಟ್ರು ಮದುವೆ ಕಾಗದಗಳ ಖಾಲಿ ಬೆನ್ನಿನಲ್ಲಿ ಗದ್ಯದ ಒಂದೊಂದು ವಾಕ್ಯ ಬರೆದು, ಚೀಟಿ ಕತ್ತರಿಸಿ, ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ಕಟ್ಟಿ ಇಡುತ್ತಿದ್ದರು. ನಾವು ಕಟ್ಟು ಬಿಚ್ಚಿ ಸರಿಯಾಗಿ ಜೋಡಿಸಬೇಕು. ಇನ್‌ಸ್ಪೆಕ್ಷನ್ನಿನ ದಿನ ಎರಡು ಕಟ್ಟು ತಯಾರಾಗಿತ್ತು. ಒಂದು ಹೆಂಚಿನದು. ಇನ್ನೊಂದು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿಯದು. ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ಹೊರಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಎರಡೂ ಕಟ್ಟುಗಳ ಚೀಟಿ ಬೆರೆಸಲಾಯಿತು. ಐಡಿಯಾ ನನ್ನದು. ದುಬೈಯಲ್ಲಿರುವ ನನ್ನ ಬೆಂಚ್‌ಮೇಟ್ ತನ್ನದು ಎನ್ನುತ್ತಾನೆ. ಅವನು ಬಿಚ್ಚಿ ಕಟ್ಟಿದ್ದು ಮಾತ್ರ, ಬಾಳೆನಾರು ಕಟ್ಟಲು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತರು. ತಕ್ಕಡಿ ಬರೆದ ಹುಡುಗಿಯೇ ಎದ್ದಳು. ಸಿಕ್ಕ ಚೀಟಿಗಳನ್ನು ಆದಷ್ಟು ಚೆನ್ನಾಗಿ ಜೋಡಿಸಿ ಗಟ್ಟಿಯಾಗಿ ಓದಿದಳು: "ಹಿಂದೆ ಇಲ್ಲಿನ ಮನೆಗಳಿಗೆ ಮುಳಿಹುಲ್ಲಿನ ಮಾಡು ಇತ್ತು. ಪ್ರತಿ ವರ್ಷ ಹೊಸದಾಗಿ ಹೊದಿಸಬೇಕಿತ್ತು. ಆದ್ದರಿಂದ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ ಕಟ್ಟುವ ಯೋಜನೆ ಬಂತು. ಏಜೆಂಟರು ಮನೆಮನೆಗೆ ಬಂದು ಅದನ್ನು ಒಯ್ಯುತ್ತಿದ್ದರು. ಆಮೇಲೆ ಅದನ್ನು ಒಣಗಿಸಿ ಭಟ್ಟಿಯಲ್ಲಿ ಸುಡುತ್ತಿದ್ದರು."

ಇನ್‌ಸ್ಪೆಕ್ಟರು "ಅಯ್ಯೋ, ನನ್ನದೂ ಒಂದು ಪಿಗ್ಮಿ ಉಂಟು" ಎಂದರು. ಹೆಡ್‌ಮಾಸ್ಟ್ರ ಮುಖ ಕೆಂಪಾಯಿತು. ಪಂಡಿತ ಮಾಸ್ಟ್ರು ಮಾತ್ರ ಚೀಟಿಗಳನ್ನು ತೆಗೆದುಕೊಂಡು ಬೋರ್ಡಿನ ಹತ್ತಿರ ಹೋದರು. "ಇದರಲ್ಲಿ ಸುಳ್ಳು ವಾಕ್ಯ ಯಾವುದು?" ಎಂದು ಕೇಳಿದರು. ಒಂದೂ ಇಲ್ಲ. "ಮತ್ತೆ ನಗು ಯಾಕೆ ಬಂತು?" ಕೊನೆಯ ಚೀಟಿಯ 'ಅದನ್ನು' ಎಂಬಲ್ಲಿ ಬೆರಳಿಟ್ಟು, ಇದು ಯಾರನ್ನು ಹುಡುಕಿಕೊಂಡು ಬಂದದ್ದು ಎಂದರು. ಹೆಂಚನ್ನು ಎಂದು ಎಲ್ಲರೂ ಕೂಗಿದೆವು. ಹೆಂಚು ಸಿಗಲಿಲ್ಲ, ದುಡ್ಡು ಸಿಕ್ಕಿತು, ಅದನ್ನೇ ಹಿಡಿದುಕೊಂಡಿತು. 'ಆದ್ದರಿಂದ' ಕೂಡ ಹಾಗೇ, ತನ್ನದಲ್ಲದ ಕಾರಣದ ಬಾಲ ಹಿಡಿದು ಕೂತಿದೆ. ಹೀಗೆ ಮುಕ್ಕಾಲು ಗಂಟೆ ನಡೆಯಿತು. ಅಷ್ಟು ಚೆನ್ನಾಗಿ ಅವರು ಕಲಿಸಿದ್ದು ನಾನು ಬೇರೆ ನೋಡಿಲ್ಲ. ಇನ್‌ಸ್ಪೆಕ್ಟರು ಇದೆಲ್ಲ ಮೊದಲೇ ಪ್ಲಾನ್ ಮಾಡಿದ ಪಾಠ ಎಂದುಕೊಂಡು ಹೊಗಳಿ ಹೋದರು. ಹಾಗಾಗಿ ಶಾಲೆಗೆ ಒಳ್ಳೆಯ ರಿಮಾರ್ಕ್ ಬಂದದ್ದರಲ್ಲಿ ನಮ್ಮ ಪಾಲೂ ಇದೆ.

ಕ್ಲಾಸು ಬಿಟ್ಟ ಮೇಲೆ ಮಾಸ್ಟ್ರು ಸೀದಾ ನಮ್ಮ ಬೆಂಚಿಗೆ ಬಂದರು. ಬೆತ್ತ ತರಲಿಲ್ಲ. "ಹೆಂಚು, ಪಿಗ್ಮಿ ಎರಡೂ ಬರುವ ಹಾಗೆ ಒಂದು ಗದ್ಯ ಬರೆದು ತನ್ನಿ. ವಿಷಯ ಎರಡು ಇರಲಿ, ಹೇಳುವುದು ಒಂದೇ ಇರಬೇಕು" ಎಂದರು. ಬೆಂಚ್‌ಮೇಟ್ ಬ್ಯಾಂಕಿನ ಕಟ್ಟಡಕ್ಕೆ ಹೆಂಚು ಹಾಕಿದ ಕಥೆ ಬರೆದ. ನಾನು ಬರೆದದ್ದು ನಮ್ಮ ಮನೆಯದು. ಅಮ್ಮ ಬೀಡಿಯ ದುಡ್ಡಿನಲ್ಲಿ ದಿನಾ ಸ್ವಲ್ಪ ಪಿಗ್ಮಿಗೆ ಕಟ್ಟಿದ್ದು, ಏಜೆಂಟರು ಬರುವಾಗ ಡಬ್ಬದಿಂದ ಚಿಲ್ಲರೆ ತೆಗೆದದ್ದು, ಕೊನೆಗೆ ಒಂದು ಬೇಸಿಗೆಯಲ್ಲಿ ಹುಲ್ಲು ಇಳಿಸಿ ಹೆಂಚು ಹೊದಿಸಿದ್ದು. ಮಾಸ್ಟ್ರು ಎರಡು ಸಲ ಓದಿದರು. ತಪ್ಪು ತಿದ್ದಲು ಕೆಂಪು ಶಾಯಿ ತೆಗೆದು, ಹಾಗೇ ಮುಚ್ಚಳ ಹಾಕಿದರು. ಅದನ್ನು 'ಬಿ' ಸೆಕ್ಷನ್ನಿನಲ್ಲೂ ಓದಿ ಹೇಳಿದರಂತೆ. ಆ ವರ್ಷ ಶಾಲೆಗೆ ಕನ್ನಡದಲ್ಲಿ ನಾನೇ ಫಸ್ಟ್. ಹೆಸರು ಬೋರ್ಡಿನಲ್ಲಿದೆ, ಪೈಂಟ್ ಸ್ವಲ್ಪ ಹೋಗಿದೆ, ಈಗಿನ ಆಡಳಿತದವರು ಗಮನಿಸಿದರೆ ಒಳ್ಳೆಯದು.

ಮುಂದೆ ನಾನೂ ಬ್ಯಾಂಕಿಗೇ ಸೇರಿದೆ. ಸಾಲದ ಪ್ರಸ್ತಾವಗಳ ಮೇಲೆ ನೋಟ್ ಬರೆಯುವುದು ಕೆಲಸ. ಉಳಿದವರದು ನಾಲ್ಕೈದು ಪುಟ, ನನ್ನದು ಒಂದು ಪುಟ. ಸಾಲ ಯಾಕೆ ಬೇಕು, ಹೇಗೆ ತೀರುತ್ತದೆ, ಎಲ್ಲಿ ಎಡವಬಹುದು, ಇಷ್ಟೇ. ಮೇಲಿನವರು ನನ್ನ ನೋಟನ್ನು ಹೊಸಬರಿಗೆ ಮಾದರಿಯಾಗಿ ತೋರಿಸುತ್ತಿದ್ದರು. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳಿದೆ.

ಮೊನ್ನೆ ಮೊಮ್ಮಗಳ ವರ್ಕ್‌ಶೀಟ್ ನೋಡಿದೆ. ಅದರಲ್ಲೂ ಇದೇ ಪಾಠ. ಐದು ಬಗೆಯ ಕಟ್ಟಣೆ, ಪ್ರತಿಯೊಂದಕ್ಕೂ ಗುರುತಿನ ಪದಗಳ ಪಟ್ಟಿ. ಅವಳು ಪದಗಳಿಗೆ ಸುತ್ತು ಹಾಕಿ, ಗೆರೆ ಎಳೆದು, ಎರಡು ನಿಮಿಷದಲ್ಲಿ ಮುಗಿಸಿದಳು. ಎಲ್ಲ ಸರಿ. "ಇದರಲ್ಲಿ ಎಂತ ಹೇಳಿದ್ದಾರೆ ಮಗಾ?" ಎಂದೆ. "ಅದು ಕೇಳಿಲ್ಲ ಅಜ್ಜ" ಎಂದಳು. ಟೀಚರಿಗೆ ಬೈಯಲು ಮನಸ್ಸಿಲ್ಲ. ಅವರಿಗೆ ಕ್ಲಾಸಿನಷ್ಟೇ ರಿಜಿಸ್ಟರ್ ತುಂಬಿಸುವ ಕೆಲಸ. ಪಟ್ಟಿಯೂ ಕೆಟ್ಟದ್ದಲ್ಲ, ಕಷ್ಟಪಡುವ ಮಕ್ಕಳಿಗೆ ಹಿಡಿಯಲು ಒಂದು ಆಸರೆ ಬೇಕು. ಆದರೆ ಪಟ್ಟಿ ಕಲಿತ ಮೇಲೆ ಆ ಪರ್ಯಾಯದ ಗದ್ಯದ ಹಾಗೆ ಒಂದು ಮೋಸದ ಗದ್ಯ ಕೊಡಬೇಕಿತ್ತು.

ಶಾಲೆಯಲ್ಲಿ ಈಗ ಸ್ಮಾರ್ಟ್ ಬೋರ್ಡ್ ಬಂದಿದೆ, ಸಂತೋಷ. ಹೈಸ್ಕೂಲಿನ ಪ್ರತಿ ಕ್ಲಾಸಿಗೂ ದಿನಕ್ಕೊಂದು ಪೇಪರ್ ಮತ್ತು ಒಂದು ಕತ್ತರಿ ಕೊಡಲು ಹಳೆವಿದ್ಯಾರ್ಥಿ ಸಂಘ ಒಪ್ಪಿದೆ. ಮೊದಲ ವರ್ಷದ ಖರ್ಚು ನಾನು ಕಟ್ಟಿದ್ದೇನೆ. ಎರಡನೇ ವರ್ಷದ್ದು ದುಬೈಯವನದು. ಚೀಟಿ ಬೆರೆಸುವ ಐಡಿಯಾ ತನ್ನದೇ ಎಂದು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿದರೆ ಮೂರನೇ ವರ್ಷದ್ದನ್ನೂ ಕೊಡುತ್ತಾನಂತೆ. ಸಂಪಾದಕರು ಒಪ್ಪಬಾರದು ಎಂದು ಕೇಳಿಕೊಳ್ಳುತ್ತೇನೆ.