ಓಟದ ದಾರಿಯ ಪ್ಯಾರಿ-ಬ್ರೆಸ್ಟ್

ಪ್ಯಾರಿಸ್‌ಗೆ ಬಂದ ಮೇಲೆ ಭಾನುವಾರದ ಓಟಕ್ಕೆ ಕಿಲೋಮೀಟರ್ ಲೆಕ್ಕ ಇಡುವುದು ಬಿಟ್ಟಿದ್ದೇನೆ. ಒಂದು ಕೇಕ್ ಅಂಗಡಿಯಿಂದ ಇನ್ನೊಂದಕ್ಕೆ ಓಡುತ್ತೇನೆ, ಅಷ್ಟೇ. ಇವತ್ತು ಪ್ಯಾರಿ-ಬ್ರೆಸ್ಟ್ ಎಂಬ ಕ್ರೀಮ್ ತುಂಬಿದ ಕೇಕಿನ ಸರದಿ.

ಸೇನ್ ನದಿಯ ದಂಡೆಯಲ್ಲಿ ಓಡಿ ಮೊದಲ ಅಂಗಡಿ ಮುಟ್ಟಿದೆ. ಕ್ರೀಮ್ ಜಾಸ್ತಿ, ಹೊರಗಿನ ಪದರ ಮೆತ್ತಗೆ. ಎರಡನೆಯದು ಮೊಂಟೊರ್ಗೊಯ್ ಬೀದಿ ಹತ್ತಿರದ ಗಲ್ಲಿಯಲ್ಲಿ. ಕಚ್ಚಿದ ಕೂಡಲೇ ಮೇಲಿನ ಬಾದಾಮಿ ಚೂರು ಕರಕರ ಅಂತು. ಒಳಗೆ ಹುರಿದ ಹೇಝಲ್‌ನಟ್ ಕ್ರೀಮ್, ಕೊನೆಗೆ ನಾಲಿಗೆಯಲ್ಲಿ ಚೂರೇ ಚೂರು ಕಹಿ. ಕಡಲೆಬೀಜ ಹುರಿಯುವಾಗ ಸೀಯುವುದಕ್ಕೆ ಸ್ವಲ್ಪ ಮುಂಚೆ ಘಮ್ಮನ್ನುತ್ತಲ್ಲ, ಅದೇ ವಾಸನೆ. ಬೆವರು ಒರೆಸಿಕೊಳ್ಳುವುದೇ ಮರೆತುಹೋಯಿತು. ಇದೇ ಗೆದ್ದಿತು, ಅನುಮಾನವೇ ಇಲ್ಲ.

ಈ ಕೇಕ್ ಹುಟ್ಟಿದ್ದೇ ಒಂದು ಸೈಕಲ್ ರೇಸಿನಿಂದ. ಪ್ಯಾರಿಸ್‌ನಿಂದ ಫ್ರಾನ್ಸಿನ ಪಶ್ಚಿಮ ಕರಾವಳಿಯ ಬ್ರೆಸ್ಟ್ ಊರಿಗೆ ಹೋಗಿ ವಾಪಸ್ ಬರುವ ಆ ರೇಸ್ ಶುರುವಾಗಿದ್ದು 1891ರಲ್ಲಿ, ದೂರ ಸುಮಾರು 1,200 ಕಿ.ಮೀ. ಲೂಯಿ ದ್ಯುರಾಂ ಎಂಬ ಕೇಕ್ ತಯಾರಕ 1910ರಲ್ಲಿ ಅದರ ಗೌರವಕ್ಕೆ ಹಿಟ್ಟನ್ನು ಚಕ್ರದ ಆಕಾರದಲ್ಲಿ ಬೇಯಿಸಿದರು. ಅಷ್ಟು ದೂರ ಪೆಡಲ್ ತುಳಿದವರನ್ನು ನೆನೆದು ಸಿಹಿ ಮಾಡಿದರಲ್ಲ, ಎಂಥ ಅಕ್ಕರೆ ಅಲ್ವಾ?

ಮುಂದಿನ ವಾರ ರಮ್‌ನಲ್ಲಿ ನೆನೆಸಿದ ಕೇಕ್ ರಮ್ ಬಾಬಾ, 1730ರಿಂದ ಇರುವ ಸ್ಟೋರೆರ್ ಅಂಗಡಿಯಲ್ಲಿ. ಜೊತೆಗೆ ಓಡಲು ಯಾರು ಬರ್ತೀರಿ?