ಥೀಮ್ ಪಾರ್ಕಿಗೆ ಕಳಿಸುವ ಮೊದಲು ನಾನು ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಟ್ರಾವೆಲ್ಸ್ ಆಫೀಸ್ ನಡೆಸುವ ನಮ್ಮಂಥವರಿಗೆ ಥೀಮ್ ಪಾರ್ಕ್ ಅಂದರೆ ಮೊದಲು ಎರಡೇ ದಾರಿ. ಪುಣೆ ಕಡೆ ಹೊರಟರೆ ಖೋಪೋಲಿ ಹತ್ತಿರದ ಇಮ್ಯಾಜಿಕಾ, ಬೆಂಗಳೂರು ಕಡೆ ಹೊರಟರೆ ಬಿಡದಿಯ ವಂಡರ್‌ಲಾ. ಬಸ್ಸು ಎಷ್ಟಕ್ಕೆ ಬಿಡುತ್ತೆ, ನಾಷ್ಟಾ ಎಲ್ಲಿ, ಎಸಿ ಇದೆಯಾ ಇಲ್ವಾ, ಗಿರಾಕಿಗಳು ಕೇಳುತ್ತಿದ್ದದ್ದು ಇಷ್ಟೇ. ಗೇಟ್ ದಾಟಿದ ಮೇಲೆ ಅವರ ಪಾಡು ಅವರಿಗೆ.

ಈಗ ಸಿಂಗಾಪುರ, ಅಬುಧಾಬಿ, ಒಸಾಕಾ ಅಂತ ಹೊರಡುವ ಕುಟುಂಬಗಳು ಟಿಳಕವಾಡಿ, ಶಹಾಪುರದಿಂದಲೂ ಬರುತ್ತವೆ, ಗೋಕಾಕ, ಚಿಕ್ಕೋಡಿಯಿಂದಲೂ ಬರುತ್ತವೆ. ಬರುವ ಮೊದಲೇ ಪಾರ್ಕಿನ ಆ್ಯಪ್ ಇಳಿಸಿಕೊಂಡಿರುತ್ತಾರೆ. ಯಾವ ರೈಡಿಗೆ ಈಗ ಎಷ್ಟು ನಿಮಿಷ ಕಾಯಬೇಕು ಅಂತ ಇಲ್ಲಿ ಕೂತೇ ನೋಡುತ್ತಿರುತ್ತಾರೆ. ಕುರ್ಚಿ ಎಳೆದುಕೊಂಡು ಹೇಳೋ ಮಾತು ಒಂದೇ: "ಸರ್ರ, ರೊಕ್ಕ ಎಷ್ಟರ ಆಗಲಿ, ಪಾಳಿ ಇಲ್ಲದಂಗ ಮಾಡ್ರಿ."

ಪಾಳಿ ಇಲ್ಲದಂಗ ಮಾಡೋದು ಯಾರ ಕೈಯಲ್ಲೂ ಆಗಲ್ಲ. ಇದನ್ನು ಅಡ್ವಾನ್ಸ್ ತಗೊಳ್ಳುವ ಮೊದಲೇ ಹೇಳಿಬಿಡಬೇಕು ಅನ್ನೋದು ಈ ಕೆಲಸ ನನಗೆ ಕಲಿಸಿದ ಮೊದಲ ಸಂಗತಿ. ಹೇಳಿದರೆ ನಂಬಲ್ಲ, ಅದಕ್ಕೆ ಗಿರಣಿ ಉದಾಹರಣೆ ಕೊಡುತ್ತೇನೆ. ಜೋಳ ಬೀಸಿಸಲು ಹೋದವರು ಡಬ್ಬಿಯನ್ನು ಪಾಳಿಗೆ ಇಟ್ಟು ಸಂತೆ ಮುಗಿಸಿ ಬರುತ್ತಾರೆ, ಅಲ್ವಾ? ನಿಂತು ಕಾಲು ನೋಯಿಸಿಕೊಳ್ಳೋದು ತಪ್ಪುತ್ತೆ. ಹಾಗಂತ ಗಿರಣಿ ಜೋರಾಗಿ ತಿರುಗಲ್ಲ. ಪಾರ್ಕಿನವರ ವರ್ಚುವಲ್ ಕ್ಯೂ, ಅಂದರೆ ನಿಲ್ಲದೆ ಫೋನಿನಲ್ಲೇ ಪಾಳಿ ಹಚ್ಚೋದು, ಇದೇ. ಒಂದು ರೈಡಿನಲ್ಲಿ 24 ಸೀಟು, ಎರಡು ನಿಮಿಷಕ್ಕೊಮ್ಮೆ ಬಿಡುತ್ತಾರೆ ಅಂದುಕೊಳ್ಳಿ. ಗಂಟೆಗೆ 720 ಜನ. ಫೋನಿನಲ್ಲಿ ಪಾಳಿ ಹಚ್ಚಿದರೂ ಅಷ್ಟೇ, ಬಿಸಿಲಲ್ಲಿ ನಿಂತರೂ ಅಷ್ಟೇ. ಅದರಲ್ಲಿ ದುಡ್ಡು ಕೊಟ್ಟವರಿಗೆ ಒಂದಷ್ಟು ಸೀಟು ತೆಗೆದಿಟ್ಟರೆ ಉಳಿದವರ ಪಾಳಿ ಅಷ್ಟರ ಮಟ್ಟಿಗೆ ನಿಧಾನ ಆಗುತ್ತೆ.

ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಪುಕ್ಕಟೆ ಇತ್ತು. ಮಷೀನಿಗೆ ಟಿಕೆಟ್ ತೂರಿಸಿದರೆ ಇಂಥ ಹೊತ್ತಿಗೆ ಬನ್ನಿ, ಉದ್ದ ಪಾಳಿ ಬಿಟ್ಟು ಒಳಗೆ ಹೋಗಿ ಅಂತ ಚೀಟಿ ಬರುತ್ತಿತ್ತು. 2021ರಲ್ಲಿ ಅಮೆರಿಕದ ಪಾರ್ಕುಗಳಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ತಗೊಳ್ಳುವ ಜೀನಿ ಪ್ಲಸ್ ಬಂತು. 2024ರಲ್ಲಿ ಅದೂ ಹೋಗಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅಂತ ಆಯ್ತು. ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕುಗಳಲ್ಲಿ ಇದಕ್ಕೆ ಎಕ್ಸ್‌ಪ್ರೆಸ್ ಪಾಸ್ ಅನ್ನುತ್ತಾರೆ, ನಮ್ಮ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್. ನನ್ನ ಅಭಿಪ್ರಾಯ ಕೇಳಿದರೆ, ಭಾನುವಾರವೋ ಕ್ರಿಸ್‌ಮಸ್ ರಜೆಯೋ ಆಗಿದ್ದರೆ ತಗೊಳ್ಳಿ. ಶಾಲೆ ನಡೆಯುವ ದಿನಗಳಲ್ಲಿ ಮಂಗಳವಾರ, ಬುಧವಾರ ಹೋಗುವಂತಿದ್ದರೆ ಆ ದುಡ್ಡಿನಲ್ಲಿ ಒಳ್ಳೆ ಊಟ ಮಾಡಿ. ಹೀಗೆ ಹೇಳಿದ್ದಕ್ಕೆ ನನ್ನ ಕಮಿಷನ್ ಹೋಗುತ್ತೆ, ನಿಜ. ಆದರೆ ಅದೇ ಮನೆಯವರು ಮುಂದಿನ ವರ್ಷ ಕಾಶಿಗೂ ನನ್ನ ಹತ್ತಿರವೇ ಬುಕ್ ಮಾಡುತ್ತಾರೆ.

ಈಗೀಗ ಎಐ ಬರೆದುಕೊಟ್ಟ ಪ್ಲಾನ್ ಹಿಡಿದು ಬರುವವರು ಜಾಸ್ತಿ. ತಂದೆತಾಯಿಯನ್ನು ಅಮೆರಿಕದ ಒರ್ಲ್ಯಾಂಡೊದ ಡಿಸ್ನಿ ಪಾರ್ಕಿಗೆ ಕರೆದುಕೊಂಡು ಹೊರಟ ಹುಡುಗನೊಬ್ಬ ನಾಲ್ಕು ಹಾಳೆ ಪ್ರಿಂಟ್ ಹೊಡೆಸಿಕೊಂಡು ಬಂದಿದ್ದ. ಮೊದಲ ಸಾಲಿನಲ್ಲೇ "ಬೆಳಿಗ್ಗೆ ಉಚಿತ ಫಾಸ್ಟ್‌ಪಾಸ್ ಪಡೆಯಿರಿ" ಅಂತ ಇತ್ತು. ಅದು ನಿಂತು ವರ್ಷಗಳಾಗಿವೆ. ಹಳೇದು ಹೊಸದು ಎರಡೂ ಓದಿ ಕಲಸಿಬಿಡುತ್ತೆ ಈ ಎಐ. ಹಾಗಂತ ಆ ಹಾಳೆ ಪೂರ್ತಿ ಬಿಸಾಡಬೇಕಿಲ್ಲ. ಹತ್ತು ರೈಡುಗಳನ್ನು ಯಾವ ಕ್ರಮದಲ್ಲಿ ಆಡಬಹುದು ಅಂತ ಲೆಕ್ಕ ಹಾಕಿದರೆ 36,28,800 ರೀತಿ ಆಗುತ್ತೆ. ಜೊತೆಗೆ ಪ್ರತಿ ರೈಡಿನ ಪಾಳಿ ಗಂಟೆಗಂಟೆಗೆ ಬೇರೆ. ಇಷ್ಟನ್ನು ತಲೆಯಲ್ಲಿ ಜೋಡಿಸೋದು ಮನುಷ್ಯರ ಕೆಲಸವೇ ಅಲ್ಲ, ಕಂಪ್ಯೂಟರ್ ಮಾಡಲಿ. ಯಾವ ರೈಡು ಆ ದಿನ ರಿಪೇರಿಗೆ ಬಂದ್ ಇದೆ, ಗೇಟ್ ಎಷ್ಟಕ್ಕೆ ತೆಗೆಯುತ್ತೆ ಅನ್ನೋದನ್ನು ಮಾತ್ರ ಪಾರ್ಕಿನ ಸ್ವಂತ ಆ್ಯಪಿನಲ್ಲೇ ನೋಡಿ.

ಅದರಲ್ಲಿ ತೋರಿಸುವ ನಿಮಿಷಗಳನ್ನೂ ವೇದವಾಕ್ಯ ಅಂದುಕೊಳ್ಳಬೇಡಿ. ಡಿಸ್ನಿ ಪಾರ್ಕುಗಳಲ್ಲಿ ಪಾಳಿಯ ಬುಡದಲ್ಲಿ ಒಬ್ಬರ ಕೈಗೆ ಕೆಂಪು ಕಾರ್ಡ್ ಕೊಟ್ಟು, ರೈಡಿನ ಬಾಗಿಲಲ್ಲಿ ವಾಪಸ್ ತಗೊಂಡು, ನಡುವೆ ಎಷ್ಟು ಹೊತ್ತಾಯ್ತು ಅಂತ ಅಳೆಯುತ್ತಿದ್ದರು. ಆ ಕಾರ್ಡ್ ಹಿಡಿದವನು ಮುಂದೆ ತಲುಪುವಷ್ಟರಲ್ಲಿ ಹಿಂದಿನ ಪಾಳಿ ಬದಲಾಗಿರುತ್ತಿತ್ತು. ಬೋರ್ಡಿನ ಮೇಲೆ ಸ್ವಲ್ಪ ಜಾಸ್ತಿಯೇ ಬರೆಯೋದೂ ಉಂಟು. 40 ಅಂತ ಬರೆದು 30ಕ್ಕೆ ಒಳಗೆ ಬಿಟ್ಟರೆ ಜನ ಖುಷಿಪಡುತ್ತಾರಲ್ಲ! ಅದಕ್ಕೇ ಹತ್ತು ನಿಮಿಷದ ಫರಕು ನೋಡಿ ಅಜ್ಜಿಯನ್ನು ಎಳೆದುಕೊಂಡು ಪಾರ್ಕಿನ ಆ ತುದಿಗೆ ಓಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಇಷ್ಟೆಲ್ಲ ಗೊತ್ತಿರುವ ಆ್ಯಪಿಗೆ ನಿಮ್ಮ ಜೊತೆ ಯಾರು ಬಂದಿದ್ದಾರೆ ಅನ್ನೋದು ಗೊತ್ತಿಲ್ಲ. ನನ್ನ ಕೆಲಸ ಶುರುವಾಗೋದು ಅಲ್ಲಿಂದ.

ಮೊದಲ ಪ್ರಶ್ನೆ: ಮಕ್ಕಳ ಎತ್ತರ ಎಷ್ಟು? ಅದಕ್ಕೇ ನಮ್ಮ ಆಫೀಸಿನ ಬಾಗಿಲ ಚೌಕಟ್ಟಿನ ಮೇಲೆ ಪೇಂಟಿನಲ್ಲಿ ಗೆರೆ ಹಾಕಿಸಿದ್ದೇನೆ. ಕೆಳಗಿನ ಗೆರೆ 85 ಸೆಂಟಿಮೀಟರ್. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85ರ ಒಳಗಿದ್ದರೆ ಪುಕ್ಕಟೆ, ಅಲ್ಲಿಂದ 140ರವರೆಗೆ ಮಕ್ಕಳ ದರ. ನಡುವಿನ ಗೆರೆ 125. ಸಿಂಗಾಪುರದ ಯೂನಿವರ್ಸಲ್‌ನಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ರೋಲರ್ ಕೋಸ್ಟರ್ ಹತ್ತಲು ಅಷ್ಟು ಎತ್ತರ ಬೇಕು. ಮೇಲಿನದು 140. ಅಬುಧಾಬಿಯ ಫೆರಾರಿ ವರ್ಲ್ಡ್‌ನಲ್ಲಿ ಗಂಟೆಗೆ 240 ಕಿ.ಮೀ. ವೇಗದಲ್ಲಿ ಓಡುವ ಫಾರ್ಮುಲಾ ರೋಸಾ ಕೋಸ್ಟರಿಗೆ ಅದು. ಮಕ್ಕಳು ಒಳಗೆ ಬಂದ ಕೂಡಲೇ ಓಡಿಹೋಗಿ ಅಲ್ಲಿ ನಿಲ್ಲುತ್ತಾರೆ. ಮೊನ್ನೆ ಒಬ್ಬ ಹುಡುಗ 125ರ ಗೆರೆಗೆ ತಲೆ ತಾಗಿಸಲು ಹಿಮ್ಮಡಿ ಎತ್ತಿ, ಕುತ್ತಿಗೆ ಉದ್ದ ಮಾಡಿ, ಉಸಿರು ಹಿಡಿದು ನಿಂತಿದ್ದ. ಅವನ ಅಜ್ಜಿ ಅಲ್ಲಿಂದಲೇ, "ಏ, ಕಾಲ ಊರಿ ನಿಂದ್ರೋ. ಅಲ್ಲಿ ಹೋಗಿ ಅಳೋದಕ್ಕಿಂತ ಇಲ್ಲೇ ಅತ್ತುಬಿಡು" ಅಂದರು. ಇಡೀ ಆಫೀಸು ನಕ್ಕಿತು. ಆದರೆ ಅಜ್ಜಿ ಹೇಳಿದ್ದು ಲಕ್ಷ ರೂಪಾಯಿಯ ಮಾತು. ಒಂದೂವರೆ ಗಂಟೆ ಪಾಳಿ ನಿಂತು, ಕೋಲು ಹಿಡಿದ ಸಿಬ್ಬಂದಿ ಆಗಲ್ಲ ಅಂದಾಗ ಮಗುವಿನ ಮುಖ ನೋಡಲಾಗಲ್ಲ. ಎರಡು ಸೆಂಟಿಮೀಟರ್ ಕಮ್ಮಿ ಇದ್ದರೆ ಆ ಹುಡುಗನ ಎಕ್ಸ್‌ಪ್ರೆಸ್ ಪಾಸಿನ ಅರ್ಧ ದುಡ್ಡು ನೀರಿಗೆ.

ಎರಡನೇ ಪ್ರಶ್ನೆ: ರೈಡ್ ಹತ್ತದೆ ಕೆಳಗೆ ಕೂರೋರು ಯಾರು? ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಬಸುರಿ ಸೊಸೆ, ಬಿಪಿ ಇರುವ ಕಾಕಾ, ತೊಟ್ಟಿಲು ನೋಡಿದರೇ ತಲೆ ಸುತ್ತುವ ಅತ್ತೆ. ಎಲ್ಲರ ಬ್ಯಾಗೂ ಇವರ ಮಡಿಲಿಗೆ ಬೀಳುತ್ತೆ. ಇವರಿಗೆ ನೆರಳು, ಶೌಚಾಲಯ, ಚಹಾ ಎಲ್ಲಿ ಸಿಗುತ್ತೆ ಅಂತ ಮೊದಲೇ ಗುರುತು ಮಾಡಿಟ್ಟರೆ ಉಳಿದವರ ದಿನ ಚೆನ್ನಾಗಿ ಹೋಗುತ್ತೆ. ಕೈಗೂಸು ಇದ್ದವರಿಗೆ ಡಿಸ್ನಿಯಲ್ಲಿ ರೈಡರ್ ಸ್ವಿಚ್ ಅಂತ ಒಂದು ಅನುಕೂಲ ಇದೆ. ಅಪ್ಪ ರೈಡ್ ಮುಗಿಸಿ ಬಂದು ಕೂಸು ಹಿಡಿದುಕೊಂಡರೆ ಅಮ್ಮ ಮತ್ತೆ ಮೊದಲಿಂದ ಪಾಳಿ ನಿಲ್ಲದೆ ಹೋಗಬಹುದು. ಬೇರೆ ಪಾರ್ಕುಗಳಲ್ಲೂ ಇಂಥದ್ದು ಇರುತ್ತೆ, ಗೇಟಿನಲ್ಲಿ ಬಾಯಿಬಿಟ್ಟು ಕೇಳಬೇಕು ಅಷ್ಟೇ. ನಮ್ಮ ಜನಕ್ಕೆ ಕೇಳಲು ಸಂಕೋಚ.

ನೀರಿನ ಪಾರ್ಕಿಗೆ ಹೊರಟವರ ಆ್ಯಪು ಲಾಕರಿನಲ್ಲಿ ಕೂತಿರುತ್ತೆ, ಅದನ್ನೂ ಯಾರೂ ಯೋಚಿಸಿರಲ್ಲ. ಒರ್ಲ್ಯಾಂಡೊದಲ್ಲಿ 2017ರಲ್ಲಿ ಶುರುವಾದ ವೋಲ್ಕೇನೊ ಬೇ ಪಾರ್ಕಿನವರು ಇದಕ್ಕೇ ನೀರು ತಾಗಿದರೂ ಕೆಡದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿದರು. ಪಾಳಿ ಹಚ್ಚೋದು, ನಿಮ್ಮ ಸರದಿ ಬಂತು ಅಂತ ತಿಳಿಸೋದು ಎಲ್ಲ ಅದರಲ್ಲೇ. ನಮ್ಮ ಕಡೆ ಅದಕ್ಕಿಂತ ಮೊದಲು ಬಟ್ಟೆಯ ಮಾತು ಆಡಬೇಕು. ನೀರಿನ ರೈಡಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಈಜುಡುಗೆ ಬೇಕು, ಕಾಟನ್ ಚೂಡಿದಾರ್, ಸೀರೆ ನಡೆಯಲ್ಲ. ಇದನ್ನು ಹೆಣ್ಣುಮಕ್ಕಳಿಗೆ ನಾನು ಹೇಳೋದಕ್ಕಿಂತ ನಮ್ಮ ಆಫೀಸಿನ ಅಕ್ಕಾ ಹೇಳಿದರೆ ಸರಳ.

ಇನ್ನು ಫೋನು, ದುಡ್ಡಿನ ಮಾತು. ಒಸಾಕಾದ ಯೂನಿವರ್ಸಲ್‌ನಲ್ಲಿ 2021ರಲ್ಲಿ ತೆರೆದ ಸೂಪರ್ ನಿಂಟೆಂಡೊ ವರ್ಲ್ಡ್ ಅನ್ನೋ ವಿಭಾಗಕ್ಕೆ ಗದ್ದಲದ ದಿನ ಬರೀ ಪಾರ್ಕಿನ ಟಿಕೆಟ್ ಸಾಲಲ್ಲ, ಇಂಥ ಹೊತ್ತಿಗೆ ಅಂತ ಬೇರೆ ಚೀಟಿ ಬೇಕು. ಅದನ್ನು ಪಾರ್ಕಿನ ಒಳಗೆ ಹೋದ ಮೇಲೆ ಆ್ಯಪಿನಲ್ಲೇ ತೆಗೆಯಬಹುದು, ಆದರೆ ಎಲ್ಲರ ಟಿಕೆಟಿನ ಕ್ಯೂಆರ್ ಕೋಡು ಒಂದೇ ಫೋನಿಗೆ ಸೇರಿಸಿರಬೇಕು. ಗೇಟಿನಲ್ಲಿ ನಿಂತು ಸೇರಿಸುತ್ತ ಕೂತರೆ ಬೆಳಗಿನ ಹೊತ್ತಿನ ಚೀಟಿ ಖಾಲಿ. ಅಲ್ಲೇ ಎಕ್ಸ್‌ಪ್ರೆಸ್ ಪಾಸ್ ಕೊಳ್ಳೋಣ ಅಂದರೆ ಇನ್ನೊಂದು ತೊಡಕು. ನಮ್ಮ ಗಿರಾಕಿಯೊಬ್ಬರು ಸಿಂಗಾಪುರದಲ್ಲಿ ಮಾವನ ಕಾರ್ಡಿನಿಂದ ಪಾಸ್ ತೆಗೆಯಲು ಹೋದರು. ಒಟಿಪಿ ಬಂದದ್ದು ಮಾವನ ಫೋನಿಗೆ. ಫೋನು ಇಲ್ಲೇ ಬೆಳಗಾವಿಯಲ್ಲಿ ಚಾರ್ಜಿಗೆ, ಮಾವ ಹೊಲದಲ್ಲಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ವಿದೇಶದ ವ್ಯವಹಾರ ನಾವಾಗಿ ಆನ್ ಮಾಡುವವರೆಗೆ ಬಂದ್ ಇರುತ್ತೆ, ಅದೊಂದು ಬೇರೆ. ಹಾಗಾಗಿ ಹೊರಡುವ ಹಿಂದಿನ ದಿನ ಎಲ್ಲರನ್ನೂ ಕೂರಿಸಿ ಕಾರ್ಡು, ಸಿಮ್ಮು, ಆ್ಯಪಿನ ಪಾಸ್‌ವರ್ಡ್ ಮೂರನ್ನೂ ನಮ್ಮೆದುರೇ ಒಮ್ಮೆ ನಡೆಸಿ ನೋಡುತ್ತೇವೆ. ಇದಕ್ಕೆ ಬೇರೆ ಚಾರ್ಜ್ ಹಾಕುತ್ತೇನೆ. ಮುಖ ಸಿಂಡರಿಸುತ್ತಾರೆ, ಕೊಡುತ್ತಾರೆ.

ಬೆಂಗಳೂರು ಕಡೆ ಹೊರಡುವವರಿಗೆ ಇನ್ನೊಂದು ಮಾತು. 2025ರ ಆಗಸ್ಟಿನಿಂದ ನಮ್ಮೂರಿಗೆ ವಂದೇ ಭಾರತ್ ಬಂದಿದೆ, ಎಲ್ಲರಿಗೂ ಅದರಲ್ಲೇ ಹೋಗೋ ಆಸೆ. ಅದು ಬೆಳಿಗ್ಗೆ ಇಲ್ಲಿಂದ ಬಿಟ್ಟು ಮಧ್ಯಾಹ್ನ ಅಲ್ಲಿ ಮುಟ್ಟುತ್ತೆ. ಅಲ್ಲಿಂದ ಬಿಡದಿ ತಲುಪುವಷ್ಟರಲ್ಲಿ ಪಾರ್ಕಿನ ದಿನ ಮುಗಿಯುತ್ತ ಬಂದಿರುತ್ತೆ. ಪಾರ್ಕಿಗೇ ಹೋಗೋದಾದರೆ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಮಲಗಿಬಿಡಿ, ವಾಪಸ್ ಬರುವಾಗ ಬೇಕಾದರೆ ವಂದೇ ಭಾರತ್ ನೋಡೋಣ.

ಶಾಲೆಗಳ ಡಿಸೆಂಬರ್ ಟ್ರಿಪ್ಪಿಗೆ ಈಗಾಗಲೇ ಫೋನ್ ಬರುತ್ತಿವೆ. ಟೀಚರ್ರ, ಮಕ್ಕಳ ಹೆಸರು, ವಯಸ್ಸು, ಪೋಷಕರ ನಂಬರ್ ಇರುವ ಆ ಪಟ್ಟಿಗೆ ಎತ್ತರದ ಕಾಲಂ ಒಂದು ಸೇರಿಸಿ ಕಳಿಸ್ರಿ. ಪಿಟಿ ಪಿರಿಯಡ್‌ನಲ್ಲಿ ಗೋಡೆಗೆ ನಿಲ್ಲಿಸಿದರೆ ಒಂದು ಕ್ಲಾಸು ಅಷ್ಟರಲ್ಲೇ ಮುಗಿಯುತ್ತೆ. ಅಳೆಯುವಾಗ ಹಿಮ್ಮಡಿ ಒಂಚೂರು ನೋಡ್ರಿ.