ಫೇರ್‌ಹೋಪಿನಲ್ಲಿ ಮೂಲಗೇಣಿ

ಅಮೆರಿಕದಲ್ಲಿರುವ ಮಗನ ಹತ್ತಿರ ಹೋದ ಮೊದಲ ಭಾನುವಾರವೇ ಅವನು ನನ್ನನ್ನೂ ಹೆಂಡತಿಯನ್ನೂ ಮನೆ ನೋಡಲು ಕರೆದುಕೊಂಡು ಹೋದ. ಅಲ್ಲಿ ‘ಓಪನ್ ಹೌಸ್’ ಅಂತ ಒಂದು ಪದ್ಧತಿ ಇದೆ. ಮಾರಾಟಕ್ಕಿಟ್ಟ ಮನೆಯ ಬಾಗಿಲನ್ನು ಮಧ್ಯಾಹ್ನ ಎರಡು ಗಂಟೆ ಹೊತ್ತು ತೆರೆದಿಡುತ್ತಾರೆ. ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಒಳಗೆ ಹೋಗಿ ಅಡುಗೆಮನೆ, ಬಚ್ಚಲು, ಕಪಾಟು ಎಲ್ಲ ತೆರೆದು ನೋಡಬಹುದು. ನಮ್ಮೂರಲ್ಲಿ ಹೀಗೆ ಮಾಡಿದರೆ ಮನೆ ಮಾರಾಟವಾಗುವ ಮೊದಲೇ ಊರಿಡೀ ಸುದ್ದಿಯಾಗಿರುತ್ತದೆ. ಏಜೆಂಟ್ ಹೆಂಗಸು ಬಾಗಿಲಲ್ಲೇ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದರು. ಮನೆ ಚಿಕ್ಕದು, ಮರದ್ದು, ಮುಂದೆ ಜಗಲಿ, ಜಗಲಿಯಲ್ಲಿ ತೂಗುಯ್ಯಾಲೆ. ಬೆಲೆ ಅರ್ಧ ಮಿಲಿಯನ್ ಡಾಲರ್ ದಾಟಿತ್ತು. ಅವರು ಕೊಟ್ಟ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಿಂಗಲ್ ಟ್ಯಾಕ್ಸ್’ ಎಂದಿತ್ತು.

"ಹಂಗಂದ್ರೆ ಎಂತ?" ಎಂದು ಮಗನ ಹತ್ತಿರ ಕೇಳಿದೆ.

"ಮನೆ ಮಾತ್ರ ನಮ್ದ್, ಅಪ್ಪಯ್ಯ. ಜಾಗ ನಮ್ದಲ್ಲ. 99 ವರ್ಷದ್ ಲೀಸ್. ವರ್ಷ ವರ್ಷ ಬಾಡಿಗೆ ಕಟ್ಟೂದ್."

"ಇದ್ ಮೂಲಗೇಣಿ ಅಲ್ದಾ!" ಎಂದು ಜೋರಾಗಿಯೇ ಹೇಳಿಬಿಟ್ಟೆ. ತಲೆತಲಾಂತರಕ್ಕೆ ಕೊಡುವ ಗೇಣಿಗೆ ನಮ್ಮೂರ ಕಡೆ ಹಾಗೆನ್ನುತ್ತಾರೆ. ಏಜೆಂಟ್ ಹೆಂಗಸು ನಾನು ಮನೆಯನ್ನು ಹೊಗಳಿದೆ ಎಂದುಕೊಂಡು ನಕ್ಕು, ಇನ್ನೊಂದು ಬಿಸ್ಕತ್ತು ಕೊಟ್ಟರು.

ಅಲ್ಲಿಂದಾಚೆ ಆ ಊರು ನನ್ನ ಕಣ್ಣಿಗೆ ಬೇರೆಯೇ ಆಯಿತು.

ಊರಿನ ಹೆಸರು ಫೇರ್‌ಹೋಪ್. ಅಮೆರಿಕದ ದಕ್ಷಿಣದಲ್ಲಿ, ಅಲಬಾಮಾ ರಾಜ್ಯದ ತೀರಾ ಕೆಳತುದಿಯಲ್ಲಿ, ಮೊಬೀಲ್ ಕೊಲ್ಲಿಯ ಪೂರ್ವ ದಡದಲ್ಲಿದೆ. ಬರೆಯುವುದು ನಮ್ಮ ಕೈಯಲ್ಲಿರುವ ಮೊಬೈಲಿನ ಹಾಗೆಯೇ, ಹೇಳುವುದು ಮಾತ್ರ ಮೊಬೀಲ್. ನಾನು ಮೂರು ದಿನ ತಪ್ಪಾಗಿ ಹೇಳಿದೆ, ಯಾರೂ ತಿದ್ದಲಿಲ್ಲ. ದಕ್ಷಿಣದವರ ಸಭ್ಯತೆ ಎಂದರೆ ಅದೇ ಇರಬೇಕು. ಮಗನಿಗೆ ಮೊಬೀಲ್ ನಗರದಲ್ಲಿ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ. ನದಿಯಡಿಯ ಸುರಂಗ ಹೊಕ್ಕು, ಕೊಲ್ಲಿಯ ನೀರಿನ ಮೇಲೆಯೇ ಮೈಲುಗಟ್ಟಲೆ ಓಡುವ ಸೇತುವೆ ದಾಟಿ, ಬಲಕ್ಕೆ ತಿರುಗಿದರೆ ಈ ಕಡೆಯ ಊರುಗಳು.

ವಿಮಾನ ನಿಲ್ದಾಣದ ಬಾಗಿಲು ತೆರೆದ ಕೂಡಲೇ ಹೆಂಡತಿ ಹೇಳಿದ್ದು, "ಇದ್ ನಮ್ ಕುಂದಾಪ್ರದ್ ಸೆಖೆಯೇ." ಜುಲೈ ತಿಂಗಳು. ಅಂಗಿ ಬೆನ್ನಿಗೆ ಅಂಟುವ ಅದೇ ಬೆವರು, ಮಧ್ಯಾಹ್ನ ಮೂರರ ಹೊತ್ತಿಗೆ ಕಪ್ಪಾಗುವ ಅದೇ ಆಕಾಶ, ಗುಡುಗಿ ಒಂದು ತಾಸು ಹೊಯ್ದು ನಿಲ್ಲುವ ಮಳೆ. ಅಮೆರಿಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ನಗರಗಳಲ್ಲಿ ಮೊಬೀಲ್ ಒಂದು. ವರ್ಷಕ್ಕೆ 1,600 ಮಿಲಿಮೀಟರಿಗಿಂತ ಮೇಲೆ ಎಂದು ಮಗ ಹೆಮ್ಮೆಯಿಂದ ಹೇಳಿದ. ನಮ್ಮಲ್ಲಿ ಅಷ್ಟು ಮಳೆ ಮುಂಗಾರಿನ ಅರ್ಧಕ್ಕೇ ಮುಗಿದಿರುತ್ತದೆ ಎಂದು ನಾನು ಹೇಳದೆ ಬಿಡಲಿಲ್ಲ.

ಕೊಲ್ಲಿಯ ಪೂರ್ವ ದಡವಾದ್ದರಿಂದ ಸೂರ್ಯ ಮುಳುಗುವುದು ನೀರಿಗೆ, ನಮ್ಮ ಕುಂದಾಪುರದ ಕೋಡಿ ಕಡಲತೀರದಲ್ಲಿ ಮುಳುಗುವ ಹಾಗೆ. ಸಂಜೆ ಎಂಟರ ಹೊತ್ತಿಗೆ ಅರ್ಧ ಊರು ಪಿಯರ್ ಮೇಲೆ ಇರುತ್ತದೆ. ಈ ಪಿಯರ್ ಎಂದರೆ ನೀರಿನೊಳಕ್ಕೆ 1,448 ಅಡಿ ಚಾಚಿದ ಕಟ್ಟೆ. ಅದರ ಬುಡದಲ್ಲಿ ಕಾರಂಜಿ, ಸುತ್ತ ಗುಲಾಬಿ ತೋಟ. ಕಟ್ಟೆಯ ಮೇಲೆ ಗಾಳ ಹಾಕಿ ಕೂತ ಮುದುಕರು, ಅವರ ಬಕೆಟ್ಟನ್ನೇ ದಿಟ್ಟಿಸುವ ಕೊಕ್ಕರೆಗಳು. 2020ರ ಸೆಪ್ಟೆಂಬರ್ 16ರಂದು ಸ್ಯಾಲಿ ಚಂಡಮಾರುತ ಈ ಕಟ್ಟೆಯನ್ನು ಮುರಿದು ಹಾಕಿತ್ತು. ಅದಕ್ಕೆ ಸರಿಯಾಗಿ ಹದಿನಾರು ವರ್ಷ ಮೊದಲು, ಅದೇ ತಾರೀಖಿಗೆ, ಐವಾನ್ ಬಂದಿತ್ತಂತೆ. ಹಾಗಾಗಿ ಇಲ್ಲಿ ಮನೆ ನೋಡುವವರು ಮೊದಲು ಕೇಳುವುದು ಮಾಡಿನ, ಅಂದರೆ ಛಾವಣಿಯ ವಿಷಯ. ‘ಫೋರ್ಟಿಫೈಡ್’ ಮಾಡು, ಅಂದರೆ ಗಾಳಿಗೆ ಹಾರಿಹೋಗದಂತೆ ವಿಶೇಷ ಮೊಳೆ, ಪಟ್ಟಿ ಹಾಕಿ ಪ್ರಮಾಣಪತ್ರ ಪಡೆದ ಮಾಡು ಇದ್ದರೆ ವಿಮೆಯ ಕಂತು ಇಳಿಯುತ್ತದೆ. ಏಜೆಂಟ್ ಅಡುಗೆಮನೆಯ ಗ್ರಾನೈಟಿಗಿಂತ ಮೊದಲು ಆ ಪ್ರಮಾಣಪತ್ರವನ್ನೇ ತೋರಿಸಿದ್ದರು.

ಇನ್ನು ಗೇಣಿಯ ಕಥೆ. ಅದಕ್ಕಾಗಿಯೇ ಇದನ್ನು ಬರೆಯಲು ಕೂತದ್ದು.

1894ರ ನವೆಂಬರಿನಲ್ಲಿ ಅಯೋವಾ ಕಡೆಯಿಂದ ಹೊರಟ ಒಂದು ಪುಟ್ಟ ಗುಂಪು ಈ ಏರುದಡಕ್ಕೆ ಬಂದಿಳಿಯಿತು. ಮುಂದಾಳು ಅರ್ನೆಸ್ಟ್ ಗ್ಯಾಸ್ಟನ್ ಎಂಬ ಪತ್ರಕರ್ತ. ಅವರೆಲ್ಲ ಹೆನ್ರಿ ಜಾರ್ಜ್ ಎಂಬ ಚಿಂತಕನ ಭಕ್ತರು. ಜಾರ್ಜ್ 1879ರಲ್ಲಿ ಬರೆದ ಪುಸ್ತಕದ ತಿರುಳು ಇಷ್ಟು: ಮನೆ ಕಟ್ಟಿದವನ ಶ್ರಮ ಅವನದು, ಆದರೆ ಜಾಗಕ್ಕೆ ಬೆಲೆ ಬಂದದ್ದು ಸುತ್ತ ಊರು ಬೆಳೆದದ್ದರಿಂದ. ಆದ್ದರಿಂದ ಆ ಬೆಲೆ ಊರಿನದು. ಜಾಗದ ಬಾಡಿಗೆಯೊಂದನ್ನು ಊರು ವಸೂಲು ಮಾಡಲಿ, ಬೇರೆ ಯಾವ ತೆರಿಗೆಯೂ ಬೇಡ. ‘ಸಿಂಗಲ್ ಟ್ಯಾಕ್ಸ್’ ಎಂದರೆ ಇದೇ. ಈ ಯೋಜನೆ ಕೈಗೂಡುವ ಭರವಸೆ ತಕ್ಕಮಟ್ಟಿಗಾದರೂ ಇದೆ ಎಂಬ ಮಾತಿನಿಂದಲೇ ಊರಿಗೆ ಹೆಸರು ಬಿತ್ತು. ಇವತ್ತಿಗೂ ಫೇರ್‌ಹೋಪ್ ಸಿಂಗಲ್ ಟ್ಯಾಕ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯ ಹೆಸರಿನಲ್ಲಿ 4,000 ಎಕರೆಗೂ ಹೆಚ್ಚು ಜಾಗವಿದೆ. ಪೇಟೆಯ ನಡುಭಾಗದ ಬಹುಪಾಲು ಅದರದೇ. ಅದು ಜಾಗ ಮಾರುವುದಿಲ್ಲ. ಗೇಣಿಗೆ ಕೊಡುತ್ತದೆ. ಮನೆ ಮಾರಿದಾಗ ಗೇಣಿಯೂ ಕೊಂಡವನ ಹೆಸರಿಗೆ ಹೋಗುತ್ತದೆ.

ನಮ್ಮ ದಕ್ಷಿಣ ಕನ್ನಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಲಗೇಣಿ ಎಂದರೆ ವರ್ಷ ವರ್ಷದ್ದು, ಧಣಿಗೆ ಮನಸ್ಸು ಬದಲಾದರೆ ಒಕ್ಕಲು ಎದ್ದು ಹೋಗಬೇಕು. ಮೂಲಗೇಣಿ ಎಂದರೆ ತಲೆತಲಾಂತರಕ್ಕೆ. ಗೇಣಿ ಕಟ್ಟುತ್ತಿದ್ದರೆ ಯಾರೂ ಎಬ್ಬಿಸುವ ಹಾಗಿಲ್ಲ. ನನ್ನ ಅಪ್ಪಯ್ಯ ಚಾಲಗೇಣಿಯವರು. ಧಣಿಗಳ ಮನೆಯ ಅಂಗಳದಲ್ಲಿ ಅಕ್ಕಿಮುಡಿ ಇಳಿಸಿ, ತಲೆಯ ಮುಂಡಾಸು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದುದು ನನಗೆ ನೆನಪಿದೆ. ದೇವರಾಜ ಅರಸು ಸರಕಾರದ ಭೂಮಸೂದೆ ಬಂದು, 1974ರ ಮಾರ್ಚ್ 1ರಿಂದ ಗೇಣಿಭೂಮಿ ಸರಕಾರಕ್ಕೆ ಸೇರಿದ ಮೇಲೆ, ಅಪ್ಪಯ್ಯ ಡಿಕ್ಲರೇಷನ್ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತು ಎರಡೂವರೆ ಎಕರೆ ಪಡೆದರು. ಆ ಕಾಗದವನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರು. ಹಾಗಾಗಿ ‘ಜಾಗ ನಮ್ಮದಲ್ಲ’ ಎಂಬ ಮಾತು ಕೇಳಿದರೆ ನನ್ನ ಹೊಟ್ಟೆಯಲ್ಲಿ ಏನೋ ಒಂದು ಬಿಗಿಯುತ್ತದೆ. ಅಪ್ಪಯ್ಯನ ಮೊಮ್ಮಗ ಏಳು ಸಮುದ್ರ ದಾಟಿ ಬಂದು ಪುನಃ ಒಕ್ಕಲಾಗುವುದೇ?

ಮಗ ತಾಳ್ಮೆಯಿಂದ ವಿವರಿಸಿದ. ಇಲ್ಲಿ ಧಣಿ ಒಬ್ಬ ಮನುಷ್ಯನಲ್ಲ. ಗೇಣಿ ಲೆಕ್ಕ ಹಾಕುವುದು ಜಾಗ ಎಲ್ಲಿದೆ ಎಂಬುದರ ಮೇಲೆ. ತತ್ವದಲ್ಲಿ, ನೀವು ಗುಡಿಸಲು ಕಟ್ಟಿ, ಬಂಗಲೆ ಕಟ್ಟಿ, ಗೇಣಿ ಅಷ್ಟೇ. ಆ ಹಣದಿಂದಲೇ ಕಾರ್ಪೊರೇಷನ್ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತಕ್ಕೆ, ಆಸ್ತಿ ತೆರಿಗೆ ಕಟ್ಟುತ್ತದೆ. ದಡದ ಮೇಲಿನ ಉದ್ಯಾನ, ಮರಳದಂಡೆ, ಪಿಯರ್‌ನ ಜಾಗ ಎಲ್ಲವೂ ಅದು ಊರಿಗೆ ಬಿಟ್ಟುಕೊಟ್ಟದ್ದು. ಇದು ನಿಜವೆಂದು ನಡೆದು ನೋಡಿದಾಗ ತಿಳಿಯಿತು. ಅಕ್ಕಪಕ್ಕದ ಊರುಗಳಲ್ಲಿ ಮೈಲುಗಟ್ಟಲೆ ದಂಡೆ ಖಾಸಗಿ ಮನೆಗಳ ಹಿತ್ತಿಲು, ‘ಒಳಗೆ ಬರಬೇಡಿ’ ಎಂಬ ಬೋರ್ಡು. ಫೇರ್‌ಹೋಪಿನಲ್ಲಿ ಏರುದಡದ ಮೇಲಿನ ದೊಡ್ಡ ಓಕ್ ಮರಗಳ ಕೆಳಗೆ ಯಾರು ಬೇಕಾದರೂ ಚಾಪೆ ಹಾಸಬಹುದು.

ಆದರೆ ಲೆಕ್ಕದಲ್ಲಿ ಒಂದು ಕಡೆ ನನಗೆ ತೊಡಕು ಕಂಡಿತು. ಜಾಗದ ಬೆಲೆಯೆಲ್ಲ ಗೇಣಿಯಾಗಿ ಊರಿಗೆ ಹೋಗುವುದಾದರೆ, ಆ ಸಣ್ಣ ಮರದ ಮನೆಗೆ ಅಷ್ಟೊಂದು ಡಾಲರ್ ಯಾಕೆ? ಹಲಗೆ, ಮೊಳೆ, ಉಯ್ಯಾಲೆಗಂತೂ ಅಷ್ಟಾಗದು. ಗೇಣಿ ಕಡಿಮೆ ಇರುವಷ್ಟೂ ಜಾಗದ ಬೆಲೆ ಮನೆಯ ಬೆಲೆಯೊಳಗೆ ಹೊಕ್ಕು ಕೂತಿರುತ್ತದೆ. ಮಂಗಳೂರು ಪೇಟೆಯ ಮೂಲಗೇಣಿ ಜಾಗಗಳದ್ದೂ ಇದೇ ಕಥೆ: ಧಣಿಗೆ ವರ್ಷಕ್ಕೆ ಕೆಲವು ರೂಪಾಯಿ, ಹಕ್ಕು ಕೈ ಬದಲಾಯಿಸುವಾಗ ಲಕ್ಷಗಟ್ಟಲೆ. ಹೆನ್ರಿ ಜಾರ್ಜ್ ಯಾವ ಲಾಭ ಊರಿಗೆ ಬರಲಿ ಎಂದನೋ, ಅದರ ದೊಡ್ಡ ಪಾಲು ಮನೆ ಮಾರಿದವರ ಜೇಬಿಗೇ ಹೋಗುತ್ತಿದೆ. ಇದನ್ನು ಏಜೆಂಟ್ ಹೆಂಗಸಿಗೆ ಮಗನ ಮೂಲಕ ಹೇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಊರಲ್ಲಿ ಇದೇ ವ್ಯವಹಾರದಲ್ಲಿದ್ದೀರಾ?" ಎಂದು ಕೇಳಿದರು. ನಾನು ಶಾಲಾ ಮಾಸ್ತರ ಎಂದಾಗ ನಂಬಿದ ಹಾಗೆ ಕಾಣಲಿಲ್ಲ.

ಹಾಂ, ಇನ್ನೊಂದು. ಸಮಾನತೆಯ ಈ ವಸಾಹತಿಗೆ ಕರಿಯರನ್ನು ಸದಸ್ಯರಾಗಿ ಸೇರಿಸಿಕೊಂಡಿರಲಿಲ್ಲ. ಭೂಮಿ ಎಲ್ಲರದು ಎಂದು ಬರೆದ ಗ್ಯಾಸ್ಟನ್‌ಗೂ ಸುತ್ತಲಿನ ಅಲಬಾಮಾವನ್ನು ಎದುರುಹಾಕಿಕೊಳ್ಳುವ ಧೈರ್ಯ ಬರಲಿಲ್ಲ. ಹೂಕುಂಡಗಳ ಬೀದಿಯಲ್ಲಿ ನಡೆಯುವಾಗ ಇದು ತಲೆಯಿಂದ ಹೋಗಲಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಮೊದಲ ರಾತ್ರಿ ‘ಶ್ರಿಂಪ್ ಆಂಡ್ ಗ್ರಿಟ್ಸ್’ ತರಿಸಿದರು. ಗ್ರಿಟ್ಸ್ ಎಂದರೆ ಮೆಕ್ಕೆಜೋಳದ ನುಚ್ಚನ್ನು ಬೆಣ್ಣೆ ಹಾಕಿ ಬೇಯಿಸಿದ್ದು. ಮೇಲೆ ಚಟ್ಲಿ, ಅಂದರೆ ಸಿಗಡಿ. ಹೆಂಡತಿ ಚಮಚದಲ್ಲಿ ಕೆದಕಿ, "ಇದ್ ಗಂಜಿ ಅಲ್ದಾ? ಇದಕ್ಕ್ ಇಷ್ಟ್ ದುಡ್ಡಾ?" ಎಂದಳು. ಆದರೆ ಪಾತ್ರೆ ಖಾಲಿ ಮಾಡಿದಳು. ಚಟ್ಲಿ ಆವತ್ತೇ ಕೊಲ್ಲಿಯಿಂದ ಬಂದದ್ದು, ಸಿಹಿಯಾಗಿತ್ತು. ಇನ್ನೊಂದು ದಿನ ‘ವೆಸ್ಟ್ ಇಂಡೀಸ್ ಸಲಾಡ್’. ಹೆಸರು ಕೇಳಿ ಯಾವುದೋ ದ್ವೀಪದ ತಿಂಡಿ ಎಂದುಕೊಂಡರೆ, ಅದು ಹುಟ್ಟಿದ್ದು ಇಲ್ಲೇ ಮೊಬೀಲಿನಲ್ಲಿ, 1947ರಲ್ಲಿ, ಬಿಲ್ ಬೇಲಿ ಎಂಬವರ ಹೋಟೆಲಿನಲ್ಲಿ. ಏಡಿಯ ಬಿಳಿ ಮಾಂಸ, ಹೆಚ್ಚಿದ ಈರುಳ್ಳಿ, ಎಣ್ಣೆ, ವಿನೆಗರ್, ಮಂಜುಗಡ್ಡೆಯ ನೀರು, ಅಷ್ಟೇ. ಮಸಾಲೆಯಿಲ್ಲದ ಏಡಿ ನನಗೆ ರುಚಿಸೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಗಂಬೋ ಎಂಬ ಸಾರಿನಲ್ಲಿ ಬೆಂಡೆಕಾಯಿ. ಗಂಬೋ ಎಂಬ ಹೆಸರೇ ಬೆಂಡೆಕಾಯಿಗಿರುವ ಆಫ್ರಿಕದ ಮಾತಿನಿಂದ ಬಂದದ್ದಂತೆ. ಬೆಂಡೆ, ಅಲಸಂಡೆ ಎಲ್ಲ ಗುಲಾಮರ ಹಡಗುಗಳ ಕಾಲದಲ್ಲಿ ಆಫ್ರಿಕದಿಂದ ಈ ಮಣ್ಣಿಗೆ ಬಂದವು.

ಆದರೆ ಎಲ್ಲಕ್ಕಿಂತ ಮನಸ್ಸಿನಲ್ಲಿ ಉಳಿದದ್ದು ರಸ್ತೆ ಬದಿಯ ನೆಲಗಡಲೆ. ಒಂದು ಪಿಕಪ್ ಗಾಡಿ, ಅದರ ಹಿಂದೆ ಕುದಿಯುವ ಹಂಡೆ, ಕೈಬರಹದ ಬೋರ್ಡು. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ತಾಸುಗಟ್ಟಲೆ ಬೆಂದ ಹಸಿ ನೆಲಗಡಲೆ. ಬೆರಳಲ್ಲಿ ಒತ್ತಿದರೆ ಬಿಸಿ ಉಪ್ಪುನೀರು ಚಿಮ್ಮಿ ಅಂಗಿಗೆ ಬೀಳುತ್ತದೆ. ಮಾರುವವ ನಾವು ತಿನ್ನುವ ವೇಗ ನೋಡಿ ಕಣ್ಣರಳಿಸಿದ. ನಾವು ಇದನ್ನು ತಿಂದೇ ದೊಡ್ಡವರಾದದ್ದು ಎಂದು ಹೇಳಲು ನನ್ನ ಇಂಗ್ಲಿಷ್ ಸಾಕಾಯಿತು.

ತಿಂಗಳ ಮೊದಲ ಶುಕ್ರವಾರ ಆರ್ಟ್ ವಾಕ್. ಅಂಗಡಿ, ಗ್ಯಾಲರಿಗಳು ರಾತ್ರಿಯವರೆಗೆ ತೆರೆದಿರುತ್ತವೆ, ಮೂಲೆಯಲ್ಲಿ ಯಾರೋ ಗಿಟಾರ್ ಬಾರಿಸುತ್ತಾರೆ. ಚಿತ್ರಗಳಲ್ಲಿ ಮುಕ್ಕಾಲು ಪಾಲು ಪೆಲಿಕನ್ ಹಕ್ಕಿ. ದೊಡ್ಡ ಜಾತ್ರೆ ಮಾರ್ಚಿನಲ್ಲಿ. 1952ರಿಂದ ನಡೆಯುವ ಕಲೆ ಮತ್ತು ಕರಕುಶಲ ಮೇಳವಂತೆ. ಫೆಬ್ರವರಿಯ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ಎಸೆದ ಮಣಿಸರಗಳು ಜುಲೈಯಲ್ಲೂ ಓಕ್ ಮರದ ಕೊಂಬೆಯಲ್ಲಿ ನೇತಾಡುತ್ತಿದ್ದವು.

ಪಕ್ಕದ ಮಾಂಟ್ರೋಸಿನಲ್ಲಿ ಒಂದು ಗುಂಡು ಮನೆಯಿದೆ, ಅದನ್ನು ಬಿಟ್ಟು ಬರಬೇಡಿ. ಹೆನ್ರಿ ಸ್ಟುವರ್ಟ್ ಎಂಬ ವೃದ್ಧರು, ಕ್ಷಯದಿಂದ ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ, 1923ರಲ್ಲಿ ಐಡಾಹೊದಿಂದ ಇಲ್ಲಿಗೆ ಬಂದು, ತಮ್ಮ ಜಾಗಕ್ಕೆ ಟಾಲ್‌ಸ್ಟಾಯ್ ಪಾರ್ಕ್ ಎಂದು ಹೆಸರಿಟ್ಟು, ತಾವೇ ಸಿಮೆಂಟಿನ ಇಟ್ಟಿಗೆ ಎರಕ ಹೊಯ್ದು 14 ಅಡಿ ಅಡ್ಡಳತೆಯ ಮನೆ ಕಟ್ಟಿಕೊಂಡರು. ಆಮೇಲೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬದುಕಿದರು, ಕಂಬಳಿ ನೇಯುತ್ತ. ಮನೆ ಇವತ್ತು ಕಚೇರಿಗಳ ಪಾರ್ಕಿಂಗ್ ಜಾಗದ ನಡುವೆ ನಿಂತಿದೆ. ಸುತ್ತ ಕಾರುಗಳು. ತಲೆ ತಗ್ಗಿಸಿ ಒಳಗೆ ಹೋದರೆ ಬಾವಿಯೊಳಗಿಳಿದಷ್ಟು ತಂಪು. ಹೆಂಡತಿ ಗೋಡೆಗೆ ಕೈಯಿಟ್ಟು ನೋಡಿ, "ಇಬ್ರಿಗ್ ಸಾಕ್" ಎಂದಳು.

ಊರಿನ ಹೊರಗೆ ಬೇರೆಯೇ ಲೋಕ. ಆಲೂಗಡ್ಡೆ, ಪೀಕನ್ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಒಂದೇ ಅಚ್ಚಿನ ಮನೆಗಳ ಬಡಾವಣೆಗಳು ಏಳುತ್ತಿವೆ. 2010ರಲ್ಲಿ 15,326 ಇದ್ದ ಫೇರ್‌ಹೋಪಿನ ಜನಸಂಖ್ಯೆ 2020ಕ್ಕೆ 22,477 ಆಯಿತು. ಹೊರಗಿನ ಮನೆಗಳಿಗೆ ಜಾಗವೂ ಸೇರಿ ಬರುತ್ತದೆ, ಬೆಲೆಯೂ ಕಡಿಮೆ, ಆದರೆ ಹಾಲು ತರಬೇಕಾದರೂ ಕಾರು ಬೇಕು. ಮಗ ಎರಡರ ನಡುವೆ ತೂಗುತ್ತಿದ್ದ. ನನ್ನ ಅಭಿಪ್ರಾಯ ಕೇಳಿದಾಗ, ಗೇಣಿ ಚೀಟಿಯನ್ನು ಪೂರ್ತಿ ಓದಿ ಸಹಿ ಹಾಕು, ಅಜ್ಜಯ್ಯನ ಕಾಲದಲ್ಲಿ ಓದುವವರಿರಲಿಲ್ಲ ಎಂದೆ.

ಕೊನೆಯ ವಾರ ಜ್ಯೂಬಿಲಿಗಾಗಿ ಕಾದೆವು. ಬೇಸಿಗೆಯ ಕೆಲವು ರಾತ್ರಿ, ಬೆಳಗಾಗುವ ಮೊದಲು, ಈ ದಡಕ್ಕೆ ಮೀನು, ಏಡಿ, ಚಟ್ಲಿ ತಾವಾಗಿ ಬಂದು ಬೀಳುತ್ತವೆ. ಮೂಡಗಾಳಿ ಮೆಲ್ಲಗೆ ಬೀಸಬೇಕು, ಸಮುದ್ರದ ಭರತ ಏರುತ್ತಿರಬೇಕು, ನೀರು ಕನ್ನಡಿಯಂತಿರಬೇಕು. ಆಗ ತಳದ ಉಪ್ಪುನೀರು, ಆಮ್ಲಜನಕ ಕಡಿಮೆಯಾದದ್ದು, ದಡದ ಕಡೆ ಸರಿಯುತ್ತದೆ. ತಳದ ಜೀವಿಗಳು ಅದರ ಮುಂದೆ ಮುಂದೆ ಓಡಿ ಮೊಣಕಾಲುದ್ದದ ನೀರಿಗೆ ಬಂದು, ಅಮಲೇರಿದಂತೆ ನಿಲ್ಲುತ್ತವೆ. ಮೊದಲು ಕಂಡವರು "ಜ್ಯೂಬಿಲಿ!" ಎಂದು ಕೂಗಿ, ನೆಂಟರಿಗೆಲ್ಲ ಫೋನ್ ಮಾಡುತ್ತಾರೆ. ರಂಪಣಿ ಬಲೆ ಎಳೆಯದೆ, ದೋಣಿ ಇಳಿಸದೆ ಸಿಗುವ ಮೀನು.

ಮೂರು ರಾತ್ರಿ ಮೂರೂವರೆಗೆ ಎದ್ದು, ಟಾರ್ಚು, ಬಕೆಟ್ಟು ಹಿಡಿದು ಹೋದೆವು. ಅಲ್ಲೊಬ್ಬ ಮುದುಕ ಮಡಚುಕುರ್ಚಿಯಲ್ಲಿ ಕೂತಿರುತ್ತಿದ್ದ. ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ಗಾಳಿ ನೋಡುತ್ತಿದ್ದ. ಮೂರನೇ ದಿನ ತಲೆಯಲ್ಲಾಡಿಸಿ, ತನ್ನ ಫ್ಲಾಸ್ಕಿನಿಂದ ನಮಗೂ ಕಾಫಿ ಬಗ್ಗಿಸಿ ಕೊಟ್ಟ. ಸಕ್ಕರೆಯಿಲ್ಲದ, ನೀರಿನಂಥ ಕಾಫಿ. ಒಂದೇ ಒಂದು ಏಡಿ ಟಾರ್ಚಿನ ಬೆಳಕಿಗೆ ಬಂದು, ನಮ್ಮನ್ನು ನೋಡಿ, ಅಡ್ಡಡ್ಡ ಸರಿದು ಹೋಯಿತು.

ನಾವು ಊರಿಗೆ ಬಂದು ಒಂಬತ್ತನೇ ದಿನ ಮಗನ ವಾಟ್ಸಾಪ್ ಬಂತು. ಬಕೆಟ್ಟು ತುಂಬ ಚಪ್ಪಟೆ ಫ್ಲೌಂಡರ್ ಮೀನು, ನಮ್ಮ ನಂಗು ಮೀನಿನ ದೊಡ್ಡಪ್ಪನ ಹಾಗಿರುವುದು. ಅವನ ಅಮ್ಮ ಕೂಡಲೇ ಫೋನ್ ಮಾಡಿ ಚರ್ಮ ಸುಲಿಯುವುದು ಹೇಗೆ, ಹುಳಿ ಎಷ್ಟು ಎಂದು ಅರ್ಧ ತಾಸು ಹೇಳಿದಳು. ಕೊನೆಗೆ ನಾನು ಫೋನ್ ಇಸಿದುಕೊಂಡು ಮನೆಯ ವಿಷಯ ಏನಾಯಿತು ಎಂದು ಕೇಳಿದೆ.

"ಗೇಣಿ ಚೀಟಿ ಓದ್ತಾ ಇದ್ದೆ, ಅಪ್ಪಯ್ಯ. ಅರ್ಧ ಆಯ್ತ್" ಎಂದ.